ಹತ್ತಿಂಚಿಗೆ ಒಂದು ಸುತ್ತು: ಹೊಸ ಬ್ಯಾರೆಲ್‌ಗೆ ಯಾವ ಟ್ವಿಸ್ಟ್?

ನಮಸ್ಕಾರ ಎಲ್ಲರಿಗೂ. ನನ್ನ ರೈಫಲ್‌ಗೆ ಹೊಸ ಬ್ಯಾರೆಲ್, ಅಂದರೆ ಗುಂಡು ಹೊರಡುವ ಕೊಳವೆ, ಮಾಡಿಸುತ್ತಿದ್ದೇನೆ. ಅದರ ಟ್ವಿಸ್ಟ್ ಎಷ್ಟಿರಬೇಕು ಅನ್ನುವುದೇ ಇವತ್ತಿನ ಮಾತು. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಶ್ರೀರಂಗಪಟ್ಟಣದ ಕೋಟೆ. ರೈಫಲ್ ವಿಡಿಯೋದಲ್ಲಿ ಕೋಟೆಗೇನು ಕೆಲಸ ಅಂದ್ರಾ? ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ ಕಬ್ಬಿಣದ ಕೊಳವೆಯದು. ಅದು ನೆಟ್ಟಗೆ ಹೋಗಲಿ ಅಂತ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಅದನ್ನು ನೋಡಿ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಮಾಡಿದ ರಾಕೆಟ್‌ಗೂ ಕೋಲು ಇತ್ತು. 1844ರಲ್ಲಿ ವಿಲಿಯಂ ಹೇಲ್ ಆ ಕೋಲನ್ನು ಕಿತ್ತುಹಾಕಿ, ರಾಕೆಟ್ಟೇ ಗಿರಗಿರ ತಿರುಗುತ್ತಾ ಹೋಗುವಂತೆ ಮಾಡಿದ. ಬುಲೆಟ್‌ಗೂ ಬಾಲ ಇಲ್ಲ. ಅದು ಬುಗುರಿಯ ಹಾಗೆ ತಿರುಗಿದರೆ ಮಾತ್ರ ಮೂತಿ ಮುಂದಿಟ್ಟುಕೊಂಡು ಹೋಗುತ್ತದೆ. ತಿರುಗಿಸುವುದು ಬ್ಯಾರೆಲ್ ಒಳಗೆ ಸುರುಳಿಯಾಗಿ ಕೊರೆದ ಗ್ರೂವ್‌ಗಳು.

ಎಷ್ಟಿಂಚಿಗೆ ಒಂದು ಸುತ್ತು ಅನ್ನುವುದೇ ಟ್ವಿಸ್ಟ್ ರೇಟ್. 1:10 ಅಂದರೆ ಹತ್ತಿಂಚಿಗೆ ಒಂದು ಸುತ್ತು. ಇಂಚು ಕಮ್ಮಿ ಆದಷ್ಟೂ ಟ್ವಿಸ್ಟ್ ಜಾಸ್ತಿ. ಸೆಕೆಂಡಿಗೆ 2,600 ಅಡಿ ವೇಗದಲ್ಲಿ ಹೊರಟ ಬುಲೆಟ್ ಇಂಥ ಬ್ಯಾರೆಲ್‌ನಿಂದ ಸೆಕೆಂಡಿಗೆ 3,120 ಸುತ್ತು ತಿರುಗುತ್ತಾ ಬರುತ್ತದೆ. ಯೋಚನೆ ಮಾಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಈಗ ಮೈಸೂರಿನ ನಮ್ಮ ಮನೆಗೆ ಬರೋಣ. ಮೇಜಿನ ಮೇಲೆ ಎರಡು .308 ಬುಲೆಟ್ ಇವೆ, ಅಂದರೆ ವ್ಯಾಸ 0.308 ಇಂಚು. ಕ್ಲಬ್ಬಿನ ಹುಡುಗ ನೋಡಿ, "ಅಣ್ಣ, ಭಾರ ನೋಡಿ ತಾನೇ ಟ್ವಿಸ್ಟ್ ಆರಿಸೋದು?" ಅಂದ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಇವೆರಡೂ 168 ಗ್ರೇನ್, ಅಂದರೆ ಸುಮಾರು 11 ಗ್ರಾಂ. ಒಂದು ಸೀಸದ್ದು, ಮೇಲೆ ತೆಳು ತಾಮ್ರದ ಹೊದಿಕೆ. ಇನ್ನೊಂದು ಪೂರ್ತಿ ತಾಮ್ರ. ಪಕ್ಕಪಕ್ಕ ನಿಲ್ಲಿಸಿದರೆ ತಾಮ್ರದ್ದು ಎದ್ದು ಕಾಣುವಷ್ಟು ಉದ್ದ. ತಾಮ್ರ ಸೀಸಕ್ಕಿಂತ ಹಗುರ ಅಲ್ವಾ, ಅಷ್ಟೇ ಭಾರ ಬರಬೇಕಾದರೆ ಉದ್ದ ಆಗಲೇಬೇಕು. ಬುಲೆಟ್ ಉದ್ದ ಆದಷ್ಟೂ ಗಾಳಿ ಅದರ ಮೂತಿಯನ್ನು ಹಿಡಿದು ಮಗುಚುವುದು ಸುಲಭ. ಅದನ್ನು ತಡೆಯಲು ಜಾಸ್ತಿ ತಿರುಗಬೇಕು. ಅಂದರೆ ಮೊದಲು ನೋಡಬೇಕಾದದ್ದು ಉದ್ದ, ಭಾರ ಅಲ್ಲ.

ಇದಕ್ಕೆ ಹಳೇ ಲೆಕ್ಕ ಒಂದಿದೆ. 1879ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಗಣಿತದ ಮೇಷ್ಟ್ರಾಗಿದ್ದ ಗ್ರೀನ್‌ಹಿಲ್ ಕೊಟ್ಟದ್ದು. ಬುಲೆಟ್‌ನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. .308 ಬುಲೆಟ್ 1.24 ಇಂಚು ಉದ್ದ ಇದ್ದರೆ ಉತ್ತರ ಸುಮಾರು 11.5, ಅಂದರೆ ಅಷ್ಟಿಂಚಿಗೆ ಒಂದು ಸುತ್ತು ಬೇಕು. 1.4 ಇಂಚು ಇದ್ದರೆ ಸುಮಾರು 10.2. ಈಗ ಡಾನ್ ಮಿಲ್ಲರ್ ಅವರ ಸೂತ್ರ ಹೆಚ್ಚು ಬಳಕೆಯಲ್ಲಿದೆ. ಅದು ಭಾರ, ವೇಗ, ಗಾಳಿಯ ಸಾಂದ್ರತೆ ಎಲ್ಲವನ್ನೂ ಸೇರಿಸಿ ಒಂದು ಸ್ಥಿರತೆಯ ಅಂಕಿ ಕೊಡುತ್ತದೆ. 1.5 ದಾಟಿದರೆ ನೆಮ್ಮದಿ.

ಗಾಳಿಯನ್ನು ಹಗುರವಾಗಿ ತಗೋಬೇಡಿ. ಅಮೆರಿಕದ ಸೇನೆಯ ಎಂ-16 ರೈಫಲ್ ಮೊದಲು ಬಂದಾಗ ಟ್ವಿಸ್ಟ್ 1:14 ಇತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಬುಲೆಟ್ ಓಲಾಡಿತು, ಕೊನೆಗೆ 1:12 ಮಾಡಿದರು. ನಮ್ಮ ಮೈಸೂರು ಸಮುದ್ರ ಮಟ್ಟದಿಂದ 750 ಮೀಟರಿಗಿಂತ ಮೇಲಿದೆ, ಬಿಸಿಲೂ ಇದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಅಂಚಿನಲ್ಲಿರುವ ಟ್ವಿಸ್ಟ್ ಕೂಡ ಕೆಲಸ ಮಾಡಿಬಿಡಬಹುದು. ಅದೇ ರೈಫಲ್ ಹಿಡಿದು ಡಿಸೆಂಬರಿನ ದೆಹಲಿಗೆ ಹೋದರೆ? ಅಲ್ಲಿನ ಬೆಳಗಿನ ಚಳಿಗೂ ಸೇರಿಸಿಯೇ ಲೆಕ್ಕ ಹಾಕಬೇಕು.

ಟ್ವಿಸ್ಟ್ ಸಾಲದಿದ್ದರೆ ಟಾರ್ಗೆಟ್ ಪೇಪರೇ ಹೇಳುತ್ತದೆ. ಈ ತೂತು ನೋಡಿ. ದುಂಡಗಿಲ್ಲ, ಬೀಗದ ಕೈ ತೂರಿಸುವ ಕಿಂಡಿಯ ಹಾಗೆ ಉದ್ದುದ್ದ ಹರಿದಿದೆ. ಬುಲೆಟ್ ಅಡ್ಡಡ್ಡ ಬಂದು ಬಡಿದ ಗುರುತು ಇದು. ಟ್ವಿಸ್ಟ್ ಸ್ವಲ್ಪ ಜಾಸ್ತಿ ಆದರೆ ಇಷ್ಟು ಹಾಳಾಗುವುದಿಲ್ಲ. ಬಲಸುತ್ತಿನ ಬ್ಯಾರೆಲ್‌ನಲ್ಲಿ ದೂರಕ್ಕೆ ಬುಲೆಟ್ ತುಸು ಬಲಕ್ಕೆ ಸರಿಯುತ್ತದೆ, ಸೈಟ್‌ನಲ್ಲಿ ಸರಿಮಾಡಿಕೊಳ್ಳಬಹುದು. ತೀರಾ ಅತಿ ಮಾಡಿದರೆ ಮಾತ್ರ ತೆಳು ಹೊದಿಕೆಯ ಬುಲೆಟ್ ಗಾಳಿಯಲ್ಲೇ ಚೂರಾಗುವ ಭಯ. ಅನುಮಾನ ಬಂದರೆ ಒಂದು ಹೆಜ್ಜೆ ಜಾಸ್ತಿ ಟ್ವಿಸ್ಟ್ ಕಡೆಗೇ ಹೋಗಿ ಅನ್ನುವವನು ನಾನು.

168 ಗ್ರೇನ್ ಸೀಸದ ಬುಲೆಟ್ಟೇ ಸಾಕು ಅನ್ನುವವರಿಗೆ, ಗ್ರೀನ್‌ಹಿಲ್ ಲೆಕ್ಕ 11.5 ಅಂದರೂ, ಮಿಲ್ಲರ್ ಸೂತ್ರದ ಪ್ರಕಾರ 1:12 ಸಾಕು. ನನಗೆ ಉದ್ದನೆಯ ಬುಲೆಟ್ ಹಾರಿಸುವ ಆಸೆ. ಅದಕ್ಕೇ ನನ್ನ ಹೊಸ ಬ್ಯಾರೆಲ್‌ಗೆ 1:10 ಅಂತ ಬರೆದುಕೊಟ್ಟಿದ್ದೇನೆ.

ಬ್ಯಾರೆಲ್ ಕೈಗೆ ಬಂದ ದಿನ ಮೊದಲು ಅಳೆದು ನೋಡುತ್ತೇನೆ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ತಾನಾಗಿ ತಿರುಗುವ ಹಿಡಿಯ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ತಳ್ಳಬೇಕು. ರಾಡ್ ಮೇಲೆ ಒಂದು ಗುರುತು ಹಾಕಿ. ಆ ಗುರುತು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟಿಂಚು ಒಳಗೆ ಹೋಯಿತೋ ಅದೇ ನಿಮ್ಮ ಟ್ವಿಸ್ಟ್. ಹಳೇ ರೈಫಲ್ ಕೊಳ್ಳುವವರಂತೂ ಇದನ್ನು ಮಾಡದೆ ದುಡ್ಡು ಕೊಡಬೇಡಿ.