ಅರ್ಥ ಕಳಚಿಟ್ಟು ಬಂದ ಹೆಸರುಗಳು

ಕೇಳುಗರಿಗೆ ನಮಸ್ಕಾರ.

ಶಾಲೆಯ ವ್ಯಾಕರಣದ ಪಾಠ ನೆನಪಿದೆಯೇ? ಹುಡುಗ ಎಂಬುದು ರೂಢನಾಮ. ವ್ಯಾಪಾರಿ ಎಂದರೆ ಅನ್ವರ್ಥನಾಮ, ಮಾಡುವ ಕೆಲಸದಿಂದ ಬಂದದ್ದು. ನನ್ನ ನಿಮ್ಮ ಹೆಸರುಗಳು ಅಂಕಿತನಾಮ. ಪರೀಕ್ಷೆಗೆ ಅಷ್ಟು ಸಾಕಿತ್ತು. ಹೆಸರುಗಳ ಬೆನ್ನು ಹತ್ತಿ ಹೋದರೆ ಮಾತ್ರ ಆ ಗೆರೆಗಳು ಅಳಿಸಿಹೋಗುತ್ತವೆ.

ಥಾಮಸ್ ಎಂಬ ಹೆಸರನ್ನೇ ನೋಡಿ. ಅದರ ಮೂಲ ಅರಮಾಯಿಕ್ ಭಾಷೆಯ ಪದ, ಅರ್ಥ 'ಅವಳಿ'. ಅಂದರೆ ಅದು ಮೊದಲಿಗೆ ಹೆಸರಲ್ಲ, ಗುರುತು. ಯೇಸುವಿನ ಶಿಷ್ಯನೊಬ್ಬನನ್ನು ಹಾಗೆ ಕರೆದರು. ಯೋಹಾನನ ಸುವಾರ್ತೆಯಲ್ಲಿ ಅವನಿಗೆ 'ದಿದುಮ' ಎಂಬ ಹೆಸರೂ ಇದೆ. ಗ್ರೀಕಿನಲ್ಲಿ ಅದೂ ಅವಳಿಯೇ. ಮುಂದೆ ಅರಮಾಯಿಕ್ ಬಾರದ ನಾಡುಗಳಿಗೆ ಹೆಸರು ಹೋಯಿತು, ಅರ್ಥ ಹಿಂದೆಯೇ ಉಳಿಯಿತು. ಒಂಟಿಯಾಗಿ ಹುಟ್ಟಿದವನೂ ಈಗ ಥಾಮಸ್.

ಘಾನಾದ ಅಕಾನ್ ಜನರಲ್ಲಿ ಹಾಗಾಗಿಲ್ಲ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಪೂರ್ಣ ಹೆಸರು ಕೋಫಿ ಅಟ್ಟಾ ಅನ್ನಾನ್. ಕೋಫಿ ಎಂದರೆ ಶುಕ್ರವಾರ ಹುಟ್ಟಿದ ಗಂಡು, ಅಟ್ಟಾ ಎಂದರೆ ಅವಳಿ. ಅವರು ಹುಟ್ಟಿದ 1938ರ ಏಪ್ರಿಲ್ 8 ಶುಕ್ರವಾರವೇ ಆಗಿತ್ತು. ಜೊತೆಗೆ ಹುಟ್ಟಿದ ಸೋದರಿಗೆ ಎಫುವಾ ಎಂದಿಟ್ಟರು, ಅದು ಶುಕ್ರವಾರದ ಹೆಣ್ಣು. ಇನ್ನು ಜಾತಕ ಬೇರೆ ಯಾಕೆ!

ಕೂಸು ದೇವರು ಕೊಟ್ಟದ್ದು ಎಂಬ ಮಾತಂತೂ ಎಲ್ಲೆಲ್ಲೂ ಹೆಸರಾಗಿದೆ. ಸಂಸ್ಕೃತದ ದೇವದತ್ತ, ಹೀಬ್ರೂವಿನ ನಥಾನಿಯೆಲ್, ಸ್ಲಾವ್ ಭಾಷೆಗಳ ಬೊಗ್ದಾನ್, ಗ್ರೀಕಿನ ಥಿಯೋಡೋರ್ ನಾಲ್ಕೂ ಒಂದೇ ಮಾತು. ಗ್ರೀಕರು ಅದನ್ನೇ ಹಿಂದುಮುಂದು ಮಾಡಿ ಹೆಣ್ಣುಮಗುವಿಗೆ ಡೊರೊಥಿಯಾ ಎಂದರು.

ಹೆಸರಿಡಲು ಪುಸ್ತಕ ಹುಡುಕುವವರಿಗೆ ಸಿಗುವುದು ಬಹುಪಾಲು ಶೂರ, ಚೆಲುವೆ, ಬೆಳಕು ಇಂಥವೇ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇರೆ ಬಗೆಯವು. ಮಂಗೋಲಿಯಾದಲ್ಲಿ ನೆರ್ಗುಯಿ ಎಂಬ ಹೆಸರಿದೆ, ಅರ್ಥ 'ಹೆಸರಿಲ್ಲ'. ಎನೆಬಿಶ್ ಎಂದರೆ 'ಇದಲ್ಲ'. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೇಡು ಈ ಕೂಸನ್ನಾದರೂ ಗುರುತಿಸದೆ ಹಾದುಹೋಗಲಿ ಎಂದು ಹೂಡಿದ ಉಪಾಯ ಅದು. ಅಂಥದೇ ಮನೆಯಲ್ಲಿ ತುರ್ಕರು ಇಡುತ್ತಿದ್ದ ಹೆಸರು ದುರ್ಸುನ್, ಅಂದರೆ 'ಉಳಿಯಲಿ'.

ನಮ್ಮ ವ್ಯಾಕರಣದ ಮೇಷ್ಟರು ಇದನ್ನು ನಾಮಪದ ಎನ್ನುತ್ತಿರಲಿಲ್ಲ. ವಿಧ್ಯರ್ಥಕ ಕ್ರಿಯಾಪದ. ತೊಟ್ಟಿಲ ಬಳಿ ಕೂತವರು ಬೇಡಿಕೊಂಡ ಮಾತು, ಕೂಸು ದೊಡ್ಡವನಾದ ಮೇಲೂ ಅವನನ್ನು ಕರೆಯುತ್ತಲೇ ಇತ್ತು.