ಅಜ್ಜಿಯ ಕ್ಯಾಲೆಂಡರಿನಲ್ಲಿರುವ ನನ್ನ ನಂಬರು

ಡಬ್ಲಿನ್‌ನಲ್ಲಿ ಈಗ ಬೆಳಗ್ಗೆ ಏಳು ಗಂಟೆ. ಹೊರಗೆ ಇನ್ನೂ ಕತ್ತಲು. ಡಿಕಾಕ್ಷನ್ ಇಳಿಯುತ್ತಿದೆ. ಅಷ್ಟರಲ್ಲಿ ಈ ಹಳೇ ಫೋನು ತೋರಿಸುತ್ತೇನೆ, ನೋಡಿ. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿದೆ, ಕವರು ಹಳದಿಯಾಗಿದೆ. ಆದರೂ ದಿನಾ ಚಾರ್ಜಿಗೆ ಹಾಕುತ್ತೇನೆ. ಇದರೊಳಗೆ ನನ್ನ ಊರಿನ ಸಿಮ್ ಇದೆ.

ಬಂದ ಹೊಸದರಲ್ಲಿ ಇದನ್ನು ಬಿಟ್ಟೇಬಿಡೋಣ ಅಂದುಕೊಂಡಿದ್ದೆ. ಇಲ್ಲಿನ ನಂಬರು ಸಿಕ್ಕಿತ್ತು, ಮಾತಿಗೆ ವಾಟ್ಸಾಪ್ ಇತ್ತು. ಸುಮ್ನೆ ಎರಡೆರಡು ಕಡೆ ದುಡ್ಡು ಯಾಕೆ, ಅಲ್ವಾ? ಹಾಗೇ ಒಂದು ಸಲ ರೀಚಾರ್ಜ್ ಮುಗಿದದ್ದು ಗೊತ್ತೇ ಆಗಲಿಲ್ಲ.

ಆ ವಾರವೇ ಶಿವಮೊಗ್ಗದಲ್ಲಿ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್. ಅಲ್ಲಿ ಬೆಳಗ್ಗೆ ಹತ್ತು, ಇಲ್ಲಿ ನಸುಕಿನ ನಾಲ್ಕೂವರೆ. ಊರಿನ ಖಾತೆಯಿಂದ ದುಡ್ಡು ಹಾಕಬೇಕಿತ್ತು. ಎಲ್ಲಾ ತುಂಬಿಸಿ ಕಾದೆ. ಒಟಿಪಿ ಬರಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ರೀಚಾರ್ಜ್ ಮಾಡೋಣ ಅಂತ ಆ್ಯಪ್ ತೆರೆದರೆ, ಒಳಗೆ ಹೋಗುವುದಕ್ಕೂ ಅದೇ ನಂಬರಿಗೆ ಒಟಿಪಿ! ಕೊನೆಗೆ ನನ್ನ ತಮ್ಮ ಊರಿನ ಮೊಬೈಲ್ ಅಂಗಡಿಗೆ ಓಡಿ ರೀಚಾರ್ಜ್ ಮಾಡಿಸಿದ. ಈ ಫೋನು ಟಿಣ್ ಅಂದಾಗ ನನಗೆ ಅಳುವೇ ಬಂತು. ಅಷ್ಟು ಹೊತ್ತೂ ಅಪ್ಪ ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು.

ಆಮೇಲೆ ಕೂತು ನಿಯಮ ಓದಿದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಬಿಟ್ಟರೆ ಕಂಪನಿ ಅದನ್ನು ರದ್ದು ಮಾಡಬಹುದು. 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು ಇನ್ನೊಂದು 30 ದಿನ ಉಳಿಸುತ್ತಾರೆ. ರದ್ದಾದ ನಂಬರು ಮುಂದೆ ಬೇರೆಯವರಿಗೆ ಹೋಗುತ್ತದೆ. ನನ್ನ ಬ್ಯಾಂಕಿನ ಮೆಸೇಜು, ಆಧಾರ್ ಒಟಿಪಿ ಯಾರದೋ ಜೇಬಿನಲ್ಲಿ! ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ.

ಒಂದು ಒಳ್ಳೇದಾಗಿದೆ. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಮೆಸೇಜಿನ ಪ್ಯಾಕ್ ಕೊಡಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ 2024ರ ಡಿಸೆಂಬರಿನಲ್ಲಿ ಹೇಳಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ನಾನು ವರ್ಷದ್ದನ್ನೇ ಹಾಕಿಸಿದ್ದೇನೆ.

ಯುಪಿಐ ಬಗ್ಗೆಯೂ ಕೇಳುತ್ತೀರಿ. 2023ರ ಜನವರಿಯಲ್ಲಿ 10 ದೇಶಗಳಲ್ಲಿರುವ ನಮ್ಮವರಿಗೆ, ಎನ್‌ಆರ್‌ಇ, ಎನ್‌ಆರ್‌ಒ (ಹೊರದೇಶದಲ್ಲಿರುವ ಭಾರತೀಯರ ಬ್ಯಾಂಕ್) ಖಾತೆ ಇದ್ದರೆ, ಅಲ್ಲಿನ ನಂಬರಿನಿಂದಲೇ ಯುಪಿಐ ಬಳಸಲು ಅವಕಾಶ ಕೊಟ್ಟರು. ಅಮೆರಿಕ, ದುಬೈ, ಸಿಂಗಾಪುರದವರಿಗೆ ಅನುಕೂಲ ಆಯ್ತು. ಆ ಪಟ್ಟಿಯಲ್ಲಿ ಐರ್ಲೆಂಡ್ ಇರಲಿಲ್ಲ.

ಹೊರಡುವ ಮುಂಚೆ ಇದೊಂದು ಮಾತ್ರ ಮರೆಯಬೇಡಿ. ಊರಿನಲ್ಲಿ ಇರುವಾಗಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಇಲ್ಲಿಗೆ ಬಂದ ಮೇಲೆ ಡೇಟಾ ರೋಮಿಂಗ್ ಆಫ್ ಇಡಿ. ಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡು ಹೋಗುವುದಿಲ್ಲ. ಕರೆ ಎತ್ತಿದರೆ ಮಾತ್ರ ಜಾಸ್ತಿ ಬೀಳುತ್ತದೆ.

ಅದು ಅಜ್ಜಿಗೂ ಗೊತ್ತು. ತೀರ್ಥಹಳ್ಳಿ ಮನೆಯ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಮೇಲಂಚಿಗೆ ನೀಲಿ ಸ್ಕೆಚ್ ಪೆನ್ನಿನಲ್ಲಿ ನನ್ನ ನಂಬರು ಬರೆಸಿದ್ದಾಳೆ. ವರ್ಷಾ ವರ್ಷಾ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಅಮ್ಮನ ಕೈಲಿ ಮತ್ತೆ ಬರೆಸುತ್ತಾಳೆ. ಒಂದೊಂದೇ ಅಂಕಿ ನೋಡಿಕೊಂಡು ಬಟನ್ ಫೋನಿನಲ್ಲಿ ಒತ್ತುತ್ತಾಳೆ. ಎರಡು ರಿಂಗು, ಕಟ್. ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ ಇದು ಅವಳ ಪದ್ಧತಿ. ಆಪರೇಷನ್ನಿನ ವಾರದಲ್ಲಿ ಅವಳು ಹೀಗೆ ಒತ್ತಿ ಒತ್ತಿ, ‘ಪುಟ್ಟಿ ಫೋನೇ ಹೋಗ್ತಿಲ್ಲ’ ಅಂತ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಅಮ್ಮ ಇದನ್ನು ನನಗೆ ಹೇಳಿದ್ದು ಎಷ್ಟೋ ದಿನ ಬಿಟ್ಟು.

ಹಾಂ, ಬಂತು ನೋಡಿ. ಅಲ್ಲಿ ಹನ್ನೆರಡೂವರೆ. ಒಂದು ರಿಂಗು... ಎರಡು... ಕಟ್. ಇರಿ, ಇಲ್ಲಿನ ಫೋನಿಂದ ವಾಪಸ್ ಮಾಡುತ್ತೇನೆ. ಅವಳ ಫೋನಿನಲ್ಲಿ ಈಗ ಯಾವುದೋ ಉದ್ದದ ನಂಬರು ಕಾಣುತ್ತದೆ. ಅವಳು ಅದನ್ನು ನೋಡುವುದೂ ಇಲ್ಲ.

‘ಪುಟ್ಟೀ, ಕಾಫಿ ಆಯ್ತೇನೇ?’