ತಿಮಿಂಗಿಲವೆನಿಸಿಕೊಂಡ ಕಾರು: ಶೆವರ್ಲೆ ಕ್ಯಾಪ್ರಿಸ್‌ನ ಹೊಸ ಮೈಕಟ್ಟು ಮತ್ತು ಜನಾಭಿಪ್ರಾಯ

ಆತ್ಮೀಯ ಸಭಿಕರೆ,

1991ರ ಮಾದರಿಯಾಗಿ ಅಮೆರಿಕದ ರಸ್ತೆಗಿಳಿದ ಶೆವರ್ಲೆ ಕ್ಯಾಪ್ರಿಸ್ ಎಂಬ ಸೆಡಾನಿಗೆ ಜನರು ಇಟ್ಟ ಅಡ್ಡಹೆಸರು ತಿಮಿಂಗಿಲ. ದಡಕ್ಕೆ ಬಂದು ಬಿದ್ದ ತಿಮಿಂಗಿಲ ಎಂದವರೂ ಇದ್ದರು. ಸಾಗರೋದ್ಯಾನಗಳಲ್ಲಿ ಆಟ ತೋರಿಸುತ್ತಿದ್ದ ಓರ್ಕಾ ಎಂಬ ಕಪ್ಪು-ಬಿಳಿ ತಿಮಿಂಗಿಲದ ಹೆಸರು ಹಿಡಿದು ಶಾಮು ಎಂದು ಕರೆದವರೂ ಇದ್ದರು. ಪೊಲೀಸ್ ಇಲಾಖೆಗಳ ಕಪ್ಪು-ಬಿಳಿ ಬಣ್ಣ ಹೊತ್ತಾಗ ಆ ಹೋಲಿಕೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಅದೇ ವರ್ಷ ಮೋಟರ್ ಟ್ರೆಂಡ್ ಪತ್ರಿಕೆ ಅದೇ ಕಾರನ್ನು ವರ್ಷದ ಕಾರು ಎಂದು ಆರಿಸಿತು. ಒಂದು ಕಡೆ ಪ್ರಶಸ್ತಿ, ಇನ್ನೊಂದು ಕಡೆ ಗೇಲಿ. ಇವುಗಳಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಮೊದಲು, ನೋಡಿದವರ ಕಣ್ಣಿಗೆ ಚುಚ್ಚಿದ್ದು ನಿಜವಾಗಿ ಏನು ಎಂಬುದನ್ನು ಹುಡುಕಬೇಕೆಂಬುದು ನನ್ನ ಇಂದಿನ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಜನರು ದೂರಿದ್ದು ಅದರ ದುಂಡು ಆಕಾರವನ್ನು. ನಿಜವಾದ ತಪ್ಪು ಇದ್ದದ್ದು ಮೈಗೂ ಗಾಲಿಗೂ ಇರಬೇಕಾದ ಹೊಂದಾಣಿಕೆಯಲ್ಲಿ. ಇದಕ್ಕೆ ಸಾಕ್ಷಿಯನ್ನು ಮುಂದಿನ ಐದು ವರ್ಷಗಳಲ್ಲಿ ಅದೇ ಕಾರು ಒದಗಿಸಿತು.

ಕ್ಯಾಪ್ರಿಸ್ ಹುಟ್ಟಿದ್ದು 1965ರಲ್ಲಿ, ಶೆವರ್ಲೆ ಇಂಪಾಲಾದ ಒಂದು ಮೇಲ್ದರ್ಜೆಯ ಆವೃತ್ತಿಯಾಗಿ. ಆ ವರ್ಷ ಇಂಪಾಲಾ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತೆಂದರೆ ದೊಡ್ಡ ಅಮೆರಿಕನ್ ಸೆಡಾನ್ ಆ ದೇಶದ ಮನೆಮನೆಗೆ ಎಷ್ಟು ಬೇಕಾದ ವಸ್ತುವಾಗಿತ್ತೆಂದು ಊಹಿಸಬಹುದು. 1973ರ ತೈಲ ಬಿಕ್ಕಟ್ಟಿನ ನಂತರ ಆ ಗಾತ್ರವನ್ನು ಹಾಗೆಯೇ ಉಳಿಸಿಕೊಳ್ಳುವುದು ಕಷ್ಟವಾಯಿತು. 1975ರಲ್ಲಿ ಇಂಧನ ಮಿತವ್ಯಯದ ಕಾನೂನೂ ಬಂತು. ಶೆವರ್ಲೆಯ ಒಡೆಯ ಕಂಪನಿಯಾದ ಜನರಲ್ ಮೋಟರ್ಸ್ 1977ರಲ್ಲಿ ಕ್ಯಾಪ್ರಿಸ್ಸನ್ನು ಹತ್ತು ಇಂಚಿಗೂ ಹೆಚ್ಚು ಮೊಟಕುಗೊಳಿಸಿ, ನೂರಾರು ಪೌಂಡ್ ತೂಕ ಇಳಿಸಿ, ಒಳಗಿನ ಜಾಗಕ್ಕೆ ಮಾತ್ರ ಕೊರತೆ ಬಾರದಂತೆ ಮರುರೂಪಿಸಿತು. ಬಿಲ್ ಮಿಚೆಲ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಕಾಲದ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಇಸ್ತ್ರಿ ಮಾಡಿದ ಬಟ್ಟೆಯ ಮಡಿಕೆಯಂತಹ ನೇರ ಅಂಚುಗಳು, ನೆಟ್ಟಗೆ ನಿಂತ ಹಿಂಗಾಜು, ಬಾನೆಟ್, ಕ್ಯಾಬಿನ್, ಡಿಕ್ಕಿ ಮೂರೂ ಬೇರೆ ಬೇರೆ ಪೆಟ್ಟಿಗೆಗಳಂತೆ ಓದಿಸಿಕೊಳ್ಳುವ ಸ್ಪಷ್ಟತೆ ಅದರಲ್ಲಿದ್ದವು. ಅದಕ್ಕೂ ಮೋಟರ್ ಟ್ರೆಂಡ್‌ನ ಪ್ರಶಸ್ತಿ ಬಂದಿತ್ತು. 1980ರಲ್ಲಿ ಸ್ವಲ್ಪ ತಿದ್ದುಪಡಿಯಾದದ್ದನ್ನು ಬಿಟ್ಟರೆ 1990ರವರೆಗೆ, ಅಂದರೆ ಹದಿನಾಲ್ಕು ಮಾದರಿ ವರ್ಷ, ಆ ಮೈಕಟ್ಟೇ ನಡೆಯಿತು. ಟ್ಯಾಕ್ಸಿ ಮಾಲೀಕರು, ಪೊಲೀಸರು, ನಿವೃತ್ತರು, ದೊಡ್ಡ ಸಂಸಾರಸ್ಥರು ಇಷ್ಟು ವರ್ಷ ನೋಡಿ ಒಗ್ಗಿಕೊಂಡಿದ್ದ ಮುಖ ಅದು ಎಂಬುದನ್ನು ಮರೆಯದೆ ಮುಂದಿನ ಕಥೆಯನ್ನು ಕೇಳಬೇಕು.

ಇಲ್ಲಿ ಕ್ಯಾಪ್ರಿಸ್‌ನಂತಹ ಹಿಂಗಾಲಿ ಚಾಲನೆಯ, ಅಂದರೆ ಹಿಂದಿನ ಗಾಲಿಗಳ ಬಲದಿಂದ ಓಡುವ, ಕಾರಿನ ಅಂಗಸೌಷ್ಠವದ ಬಗ್ಗೆ ಒಂದು ಮಾತು. ಎಂಜಿನ್ ಉದ್ದುದ್ದಕ್ಕೆ ಕುಳಿತು, ಅದರ ಹಿಂದೆ ಗೇರ್‌ಬಾಕ್ಸ್ ಬಂದು, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಎಂಬ ತಿರುಗುವ ದಂಡ ಹಿಂದಿನ ಅಚ್ಚಿನವರೆಗೆ ಹೋಗುವ ಕಾರಿನಲ್ಲಿ ಮುಂದಿನ ಗಾಲಿಯನ್ನು ಬಾಗಿಲಿನಿಂದ ದೂರಕ್ಕೆ, ಮೂತಿಯ ಹತ್ತಿರಕ್ಕೆ ತಳ್ಳಲು ಸಾಧ್ಯವಾಗುತ್ತದೆ. ಎಂಜಿನ್ ಅಡ್ಡಡ್ಡ ಕುಳಿತ ಮುಂಗಾಲಿ ಚಾಲನೆಯ ಕಾರಿನಲ್ಲಿ ಆ ಗಾಲಿ ಬಾಗಿಲಿಗೆ ಅಂಟಿಕೊಂಡಂತಿದ್ದು ಮೂತಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ನಮ್ಮಲ್ಲಿ ಓಡಾಡಿದ ಕಾಂಟೆಸ್ಸಾವನ್ನು ಪಕ್ಕದಿಂದ ನೋಡಿದವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅದು ಜನರಲ್ ಮೋಟರ್ಸ್‌ನದೇ ಬ್ರಿಟಿಷ್ ಶಾಖೆಯಾಗಿದ್ದ ವಾಕ್ಸ್‌ಹಾಲ್‌ನ ವಿಕ್ಟರ್ ಕಾರಿನಿಂದ ಬಂದದ್ದು. ಉದ್ದನೆಯ ಬಾನೆಟ್, ಮುಂದಕ್ಕೆ ಸರಿದ ಗಾಲಿ, ಹಿಂದಿನ ಗಾಲಿಯ ಮೇಲೆ ಭಾರ ಹಾಕಿ ನಿಂತ ಭಂಗಿ ಅದರಲ್ಲಿ ಇದ್ದವು. ಎಂಜಿನ್ನಿನ ಬಲವೆಲ್ಲ ಹೋಗಿ ಸೇರುವುದು ಹಿಂದಿನ ಗಾಲಿಗೆ. ಹಾಗಾಗಿ ಇಂಥ ಕಾರನ್ನು ನೋಡುವ ಕಣ್ಣು ತನಗರಿವಿಲ್ಲದೆಯೇ ಅಲ್ಲಿ ತೂಕವನ್ನೂ ಬಿಗಿಯನ್ನೂ ಹುಡುಕುತ್ತದೆ.

ಈಗ 1991ಕ್ಕೆ ಬರೋಣ. ಆಗ ವಿನ್ಯಾಸ ವಿಭಾಗದ ಮುಖ್ಯಸ್ಥರು ಚಕ್ ಜೋರ್ಡನ್. 1986ರಲ್ಲಿ ಬಂದ ಫೋರ್ಡ್ ಟಾರಸ್, ಗಾಳಿಯನ್ನು ಸೀಳದೆ ಸವರಿಕೊಂಡು ಹೋಗುವಂತಹ ನುಣುಪು ಮೈಯನ್ನು ಅಮೆರಿಕನ್ನರು ಒಪ್ಪಿಕೊಳ್ಳುತ್ತಾರೆಂದು ತೋರಿಸಿಕೊಟ್ಟಿತ್ತು. ಇಂಧನದ ಕಾನೂನು ಬಿಗಿಯಾಗಿತ್ತು, ವಿ-8 ಎಂಬ ಎಂಟು ಸಿಲಿಂಡರ್ ಎಂಜಿನ್ನಿನ ದೊಡ್ಡ ಕಾರಿಗೆ ಗಾಳಿಯ ತಡೆ ಕಡಿಮೆಯಾದಷ್ಟೂ ಲಾಭ. ಹಾಗಾಗಿ ಮೈಯ ಅಂಚುಗಳನ್ನೆಲ್ಲ ದುಂಡಾಗಿಸಿ, ಗಾಜುಗಳನ್ನು ತಗಡಿನ ಮಟ್ಟಕ್ಕೆ ಸಮನಾಗಿಸಿ, ಹಿಂದಿನ ಗಾಲಿಗಳ ಮೇಲ್ಭಾಗವನ್ನು ತಗಡಿನಿಂದ ಅರ್ಧ ಮುಚ್ಚಿಬಿಟ್ಟರು. ತಿರುಗುವ ಗಾಲಿಯ ಸುತ್ತ ಗಾಳಿ ಸುಳಿಗಟ್ಟುವುದನ್ನು ತಡೆಯಲು ಅದು ಹಳೆಯ ಉಪಾಯ. 1949ರ ನ್ಯಾಶ್ ಕಾರಿನಲ್ಲಿ ಮುಂದಿನ ಗಾಲಿಗಳನ್ನೂ ಹೀಗೆ ಮುಚ್ಚಿದ್ದರು, ಹಿರಿಯರು ಹೊಸ ಕ್ಯಾಪ್ರಿಸ್ ಕಂಡಾಗ ಆ ನ್ಯಾಶನ್ನೇ ನೆನೆದರು. ಚಾಲಕನಿಗೆ ಏರ್‌ಬ್ಯಾಗ್ ಬಂತು, ಬ್ರೇಕು ಒತ್ತಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬಂತು. ಇವೆರಡೂ ನಿಜವಾದ ಸುಧಾರಣೆಗಳು, ಗೇಲಿಯ ಗದ್ದಲದಲ್ಲಿ ಅವು ಮರೆಗೆ ಸರಿದದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಆದರೆ ಹೊಸ ಮೈಯ ಕೆಳಗಿದ್ದ ಚಾಸಿ, ಅಂದರೆ ಮೈಯನ್ನು ಹೊರುವ ಚೌಕಟ್ಟು, 1977ರದೇ. ಎರಡು ಅಚ್ಚುಗಳ ನಡುವಿನ ಉದ್ದ ಮೊದಲಿನಂತೆ ಸುಮಾರು 116 ಇಂಚು. ಮೈ ಮಾತ್ರ ಸುಮಾರು 214 ಇಂಚು ಉದ್ದಕ್ಕೆ, 77 ಇಂಚು ಅಗಲಕ್ಕೆ ಬೆಳೆಯಿತು. ಎಡ-ಬಲ ಗಾಲಿಗಳ ನಡುವಿನ ಅಂತರ ಬಹುಮಟ್ಟಿಗೆ ಹಳೆಯದೇ ಉಳಿದದ್ದರಿಂದ, ಅಗಲವಾದ ಮೈಯ ಒಳಗೆ ಗಾಲಿಗಳು ಅಡಗಿ ಕುಳಿತಂತಾಯಿತು. ಪೆಟ್ಟಿಗೆಯಾಕಾರದ ಕಾರಿನಲ್ಲಿ ಇಂಥ ದೋಷವನ್ನು ನೇರ ಗೆರೆಗಳು ಸ್ವಲ್ಪಮಟ್ಟಿಗೆ ಮರೆಸುತ್ತವೆ. ಉಬ್ಬಿದ ಮೈಯಲ್ಲಿ ಅದು ಮರೆಯಾಗುವುದಿಲ್ಲ, ಏಕೆಂದರೆ ಪಕ್ಕೆ ಹೊರಕ್ಕೆ ಬಾಗಿ ಮತ್ತೆ ಕೆಳಗೆ ಒಳಕ್ಕೆ ತಿರುಗುವಾಗ ಕಣ್ಣು ಆ ಬಾಗಿನ ಜೊತೆಯಲ್ಲೇ ಗಾಲಿಯವರೆಗೆ ಇಳಿಯುತ್ತದೆ, ಇಳಿದ ಮೇಲೆ ಅಲ್ಲಿ ಆಧಾರ ಸಿಗದೆ ನಿಲ್ಲುತ್ತದೆ.

ಇದನ್ನು ನಾನು ಮೊದಲು ಅರಿತದ್ದು ಓದಿ ಅಲ್ಲ. 1990ರ ದಶಕದ ಕೊನೆಯಲ್ಲಿ ಮಿಷಿಗನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, ನಮ್ಮ ವಸತಿಯ ಹಿಂದಿನ ಪಾರ್ಕಿಂಗ್‌ನಲ್ಲಿ ಟ್ಯಾಕ್ಸಿಯಾಗಿ ದುಡಿದು ದಣಿದ 1992ರ ಕ್ಯಾಪ್ರಿಸ್ ಒಂದು ನಿಲ್ಲುತ್ತಿತ್ತು. ಒಂದು ಚಳಿಗಾಲದ ಬೆಳಗ್ಗೆ ಅದರ ಹಿಂದಿನ ಟೈರಿಗೆ ಮೆತ್ತಿದ್ದ ಹಿಮವನ್ನು ಕೆರೆಯಲು ಮಾಲೀಕರಿಗೆ ಕೈಗೂಡಿಸಿದೆ. ತಗಡಿನ ಅಂಚಿನ ಕೆಳಗಿನಿಂದ ಕೈ ತೂರಿಸಿದರೆ ಟೈರಿನ ಪಕ್ಕೆ ಸಿಗುವ ಮೊದಲು ನನ್ನ ಅಂಗೈ ಪೂರ್ತಿ ಒಳಗೆ ಹೋಯಿತು. ಹದಿನೈದು ಇಂಚಿನ ಆ ಗಾಲಿ ಅಷ್ಟು ದೊಡ್ಡ ಮೈಯ ಕೆಳಗೆ ಚಿಕ್ಕ ಮಗುವಿನ ಪಾದದಂತೆ ಕಾಣುತ್ತಿತ್ತು. ಎದ್ದು ನಿಂತು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ, ದೋಷ ಇರುವುದು ಆ ಅಂಗೈಯಗಲದ ಕತ್ತಲೆಯಲ್ಲಿ ಎಂದು ಅನ್ನಿಸಿತು. ಮಾಲೀಕರಿಗಾದರೋ ಆ ಕಾರಿನ ಮೇಲೆ ಒಂದು ದೂರೂ ಇರಲಿಲ್ಲ.

ಹಾಗೆ ನೋಡಿದರೆ ಅಭಿಪ್ರಾಯಗಳು ಬಂದದ್ದು ಅವರವರು ಕಾರನ್ನು ಎಲ್ಲಿಂದ ನೋಡುತ್ತಿದ್ದರು ಎಂಬುದರ ಮೇಲೆ. ಒಳಗೆ ಕುಳಿತು ಇಡೀ ದಿನ ದುಡಿಯುವ ಪೊಲೀಸರಿಗೂ ಟ್ಯಾಕ್ಸಿ ಚಾಲಕರಿಗೂ ಬೇಕಾದದ್ದು ಗಟ್ಟಿ ಚಾಸಿ, ಸುಲಭ ದುರಸ್ತಿ, ವಿಶಾಲ ಸೀಟು. ಅವರು ಅದನ್ನು ಮೆಚ್ಚಿಕೊಂಡರು. 1996ರಲ್ಲಿ ಉತ್ಪಾದನೆ ನಿಂತ ಮೇಲೆ ಕೆಲವು ಪೊಲೀಸ್ ಇಲಾಖೆಗಳು ಹೊಸ ಬೇರೆ ಕಾರು ಕೊಳ್ಳುವ ಬದಲು ತಮ್ಮ ಹಳೆಯ ಕ್ಯಾಪ್ರಿಸ್‌ಗಳನ್ನೇ ನವೀಕರಿಸಿಕೊಂಡವು. ಹೊರಗೆ ನಿಂತು, ಸ್ವಂತ ಹಣ ಕೊಟ್ಟು ಮನೆಯ ಮುಂದೆ ನಿಲ್ಲಿಸಬೇಕಾಗಿದ್ದ ಖಾಸಗಿ ಗಿರಾಕಿ ಮಾತ್ರ ಹಿಂಜರಿದ. ಎರಡನೆಯ ವರ್ಷಕ್ಕೇ ಮಾರಾಟ ಕುಸಿಯಿತು. ಹಳೆಯ ಪೆಟ್ಟಿಗೆಯ ಗಾಂಭೀರ್ಯ ಹೋಯಿತೆಂದು ಕೊರಗಿದವರನ್ನು ಬದಲಾವಣೆಗೆ ಒಗ್ಗದವರೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಅವರಿಗೆ ಗಾಲಿ, ಅಚ್ಚು, ಅಂತರ ಎಂಬ ಪರಿಭಾಷೆ ಗೊತ್ತಿರಲಿಲ್ಲ, ಆದ್ದರಿಂದ ಕಣ್ಣಿಗೆ ಕಂಡ ಅತಿ ದೊಡ್ಡ ವಿಷಯವನ್ನು, ಅಂದರೆ ಉಬ್ಬಿದ ಮೈಯನ್ನು, ಬೆರಳು ಮಾಡಿ ತೋರಿಸಿದರು. ಕಾಲು ನೋವಿದ್ದವನು ಸೊಂಟ ಹಿಡಿದು ತೋರಿಸಿದರೆ ಅವನ ನೋವು ಸುಳ್ಳಾಗುವುದಿಲ್ಲ.

ಕಂಪನಿಯೂ ಇದನ್ನು ತಡವಾಗಿಯಾದರೂ ಗ್ರಹಿಸಿತು. 1993ರಲ್ಲಿ ಸೆಡಾನಿನ ಹಿಂದಿನ ಗಾಲಿಗಳ ಮೇಲಿದ್ದ ಮುಚ್ಚಿಗೆಯನ್ನು ತೆಗೆದು, ಮುಂದಿನ ಗಾಲಿಗಿರುವಂತೆ ಪೂರ್ಣ ಕಮಾನು ಬಿಡಿಸಿದರು. ಅಷ್ಟರಿಂದಲೇ ಕಾರಿನ ಹಿಂಭಾಗ ನೆಲಕ್ಕೆ ಅಂಟಿದಂತಾಯಿತು. 1994ರಲ್ಲಿ ಕ್ಯಾಪ್ರಿಸ್‌ನದೇ ಮೈಕಟ್ಟಿನ ಮೇಲೆ ಬಂದ ಇಂಪಾಲಾ ಎಸ್‌ಎಸ್ ಇನ್ನೂ ದೊಡ್ಡ ಪಾಠ. 1992ರಲ್ಲಿ ಸೆಮಾ ಎಂಬ ಅಮೆರಿಕದ ವಾಹನ ಪ್ರದರ್ಶನದಲ್ಲಿ ಮೊದಲು ತೋರಿಸಿ ಜನರ ಮೆಚ್ಚುಗೆ ಕಂಡ ಮೇಲೆ ತಯಾರಿಕೆಗೆ ಬಂದ ಕಾರದು. ಹೊಸ ಬಾಗಿಲಿಲ್ಲ, ಹೊಸ ಬಾನೆಟ್ಟಿಲ್ಲ, ಛಾವಣಿಯೂ ಹಳೆಯದೇ. ಐದು ಕಡ್ಡಿಗಳ ಹದಿನೇಳು ಇಂಚಿನ ಅಲ್ಯೂಮಿನಿಯಂ ಗಾಲಿಗಳಿಗೆ ಅಗಲವಾದ ಟೈರು ತೊಡಿಸಿ, ಪೊಲೀಸ್ ಕಾರಿನ ಸಸ್ಪೆನ್ಷನ್ನನ್ನು ಆಧಾರವಾಗಿಟ್ಟುಕೊಂಡು ಮೈಯನ್ನು ಸ್ವಲ್ಪ ತಗ್ಗಿಸಿ, ಹೊಳೆಯುವ ಕ್ರೋಮ್ ಪಟ್ಟಿಗಳನ್ನು ಕಳಚಿ, ಶೆವರ್ಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನಿಂದ ಬಂದ ಎಲ್‌ಟಿ1 ವಿ-8 ಎಂಜಿನ್ನಿನ 260 ಅಶ್ವಶಕ್ತಿಯ ರೂಪವನ್ನು ಒಳಗಿಟ್ಟರು. ಮೊದಲ ವರ್ಷ ಕಪ್ಪು ಬಣ್ಣ ಒಂದೇ. ಹಿಂಬಾಗಿಲಿನ ಹಿಂದಿನ ಚಿಕ್ಕ ಗಾಜಿನ ಮೂಲೆಗೆ ಒಂದು ತುಂಡು ಸೇರಿಸಿ, ಅಲ್ಲಿ ಜೋತುಬಿದ್ದಂತಿದ್ದ ಗೆರೆಯನ್ನು ಮೇಲಕ್ಕೆ ಮಡಿಚಿದರು. ಆ ಮಡಿಕೆ ಎಷ್ಟು ಒಪ್ಪಿತೆಂದರೆ 1995ರಲ್ಲಿ ಅದನ್ನು ತಗಡಿನಲ್ಲೇ ರೂಪಿಸಿ ಕ್ಯಾಪ್ರಿಸ್‌ಗೂ ಕೊಟ್ಟರು.

ಆ ಮೂಲೆಯ ಬಗ್ಗೆ ಇನ್ನೊಂದು ನಿಮಿಷ ನಿಲ್ಲುವುದು ಉಚಿತ. 1991ರ ಕಾರಿನಲ್ಲಿ ಕಿಟಕಿಯ ಗೆರೆ ಹಿಂದಕ್ಕೆ ಸಾಗಿ ಮೆಲ್ಲಗೆ ಡಿಕ್ಕಿಯ ಕಡೆಗೆ ಜಾರುತ್ತದೆ. ನೋಡುವ ಕಣ್ಣೂ ಅದರೊಡನೆ ಜಾರಿ ಹೊರಟುಹೋಗುತ್ತದೆ. ಮಡಿಕೆ ಬಂದ ಮೇಲೆ ಅದೇ ಗೆರೆ ಹಿಂದಿನ ಗಾಲಿಯ ನೇರಕ್ಕೆ ಬಂದು ಮುಂದಕ್ಕೆ ತಿರುಗುತ್ತದೆ, ಕಣ್ಣು ಆ ಗಾಲಿಯ ಮೇಲೆ ನಿಲ್ಲುತ್ತದೆ. ಹಿಂಗಾಲಿ ಚಾಲನೆಯ ಕಾರು ಬೇಡುತ್ತಿದ್ದದ್ದು ಇದನ್ನೇ. ಅದೇ ಉಬ್ಬು, ಅದೇ ದುಂಡು, ಅದೇ ಉದ್ದ ಇಟ್ಟುಕೊಂಡು ಇಂಪಾಲಾ ಎಸ್‌ಎಸ್ ಮೂರು ವರ್ಷಗಳಲ್ಲಿ ಸುಮಾರು 70 ಸಾವಿರದಷ್ಟು ಮಾರಾಟವಾಯಿತು. ಕೊನೆಯ ವರ್ಷವೇ ಅದರ ಅತಿ ದೊಡ್ಡ ವರ್ಷ. ಆಕಾರವೇ ಅಪರಾಧಿಯಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಎದುರಾಳಿ ಫೋರ್ಡ್‌ಗೂ ಅದೇ ಕಾಲದಲ್ಲಿ ಬೇರೆ ಬಗೆಯ ಪೆಟ್ಟು ಬಿತ್ತು. ತನ್ನ ದೊಡ್ಡ ಸೆಡಾನಾದ 1992ರ ಕ್ರೌನ್ ವಿಕ್ಟೋರಿಯಾವನ್ನು ಗ್ರಿಲ್ (ಮುಂಭಾಗದ ಜಾಲರಿ) ಇಲ್ಲದ ಬೋಳು ಮುಖದಿಂದ ತಂದಾಗ ಗಿರಾಕಿಗಳು ಒಪ್ಪಲಿಲ್ಲ, ಮರುವರ್ಷವೇ ಗ್ರಿಲ್ ಮರಳಿತು. 1998ರಲ್ಲಿ ಫೋರ್ಡ್ ಇನ್ನೂ ಒಂದು ಹೆಜ್ಜೆ ಹಿಂದಿಟ್ಟು, ಇಳಿಜಾರಿನ ಹಿಂಗಾಜನ್ನು ಬಿಟ್ಟು ತನ್ನದೇ ಬಳಗದ ಇನ್ನೊಂದು ಕಾರಾದ ಗ್ರ್ಯಾಂಡ್ ಮಾರ್ಕ್ವಿಸ್‌ನ ನೆಟ್ಟನೆಯ ಛಾವಣಿಯನ್ನು ಅಳವಡಿಸಿತು. ಆ ಕಾರು 2011ರವರೆಗೆ ಬಾಳಿತು. ಫೋರ್ಡ್ ಗಿರಾಕಿಯ ಮಾತನ್ನು ಅಕ್ಷರಶಃ ಪಾಲಿಸಿ ಕ್ಷೇಮವಾಗಿ ಉಳಿಯಿತು. ಶೆವರ್ಲೆ ಮಾತಿನ ಹಿಂದಿದ್ದ ಕಾರಣವನ್ನು ಹುಡುಕಿ ಹೆಚ್ಚು ಚೆಲುವಾದ ಕಾರನ್ನು ಮಾಡಿತು. ವಿನ್ಯಾಸಕನಾಗಿ ಕೇಳಿದರೆ ನನ್ನ ಮತ ಎರಡನೆಯದಕ್ಕೆ.

ದುಃಖದ ಸಂಗತಿಯೆಂದರೆ ಆ ಚೆಲುವು ಬಂದಾಗ ಹೊತ್ತು ಮೀರಿತ್ತು. ಟೆಕ್ಸಾಸ್‌ನ ಆರ್ಲಿಂಗ್‌ಟನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಕ್ಯಾಪ್ರಿಸ್ ಮತ್ತು ಇಂಪಾಲಾಗಳನ್ನು 1996ರ ಡಿಸೆಂಬರಿನಲ್ಲಿ ನಿಲ್ಲಿಸಿ, ಆ ಸ್ಥಳವನ್ನು ಹೆಚ್ಚು ಲಾಭ ತರುವ ಟ್ರಕ್ಕು ಮತ್ತು ಎಸ್‌ಯುವಿಗಳಿಗೆ ಬಿಟ್ಟುಕೊಟ್ಟರು. 1996ರ ಇಂಪಾಲಾಕ್ಕೆ ಗೇರ್ ಲಿವರನ್ನು ಸ್ಟಿಯರಿಂಗ್ ಕಂಬದಿಂದ ನೆಲಕ್ಕೆ ತಂದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳನ್ನೂ ಕೂಡಿಸಿದ್ದರು. ಕೊನೆಯ ತಿಂಗಳುಗಳವರೆಗೂ ಯಾರೋ ಆ ಕಾರನ್ನು ಇನ್ನಷ್ಟು ಸರಿಮಾಡುತ್ತಲೇ ಇದ್ದರು ಎಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ.

ಈಗ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ತೋರಿಸುತ್ತೇನೆ: ಎಡಗಡೆ 1991ರ ಕ್ಯಾಪ್ರಿಸ್, ಬಲಗಡೆ 1996ರ ಇಂಪಾಲಾ ಎಸ್‌ಎಸ್. ಮೊದಲು ಎರಡರ ಛಾವಣಿಯನ್ನೂ ಬಾಗಿಲುಗಳನ್ನೂ ಹೋಲಿಸಿ ನೋಡಿ, ಆಮೇಲೆ ಹಿಂದಿನ ಗಾಲಿಗೆ ಬನ್ನಿ. ನಿಮ್ಮ ಪ್ರಶ್ನೆಗಳನ್ನು ಅಲ್ಲಿಂದಲೇ ಆರಂಭಿಸೋಣ.